ಅತ್ತೆಯ ಬಿ.ಪಿ. ಯಾಕೆ ಇಳಿಯುತ್ತಿಲ್ಲ

ಜೂನ್ 3, ಮಂಗಳವಾರ

ಇವತ್ತೂ ಬಿ.ಪಿ. ಕ್ಲಿನಿಕ್. ಬೆಳಗಿನಿಂದ ಜನರ ತೋಳಿಗೆ ಪಟ್ಟಿ ಸುತ್ತಿ ಸುತ್ತಿ ನನ್ನ ತೋಳೇ ಬಿದ್ದುಹೋಯಿತು. ಹೆಚ್ಚಿನವರದು ಇಳಿದಿದೆ. ಹೋದ ವರ್ಷ ನಮ್ಮ ಆರೋಗ್ಯ ಕೇಂದ್ರದ ಮೆಟ್ಟಿಲಲ್ಲೇ ಕುಸಿದು ಕೂರುತ್ತಿದ್ದ ಟೈಲರ್ ಇವತ್ತು ತಮಾಷೆ ಮಾಡಿದ. "ಹೆಂಡ್ತಿ ತವರಿಗೆ ಹೋಗಿದಾಳೆ ಸಿಸ್ಟರ್, ಅದಕ್ಕೇ ನಾರ್ಮಲ್."

ಇಳಿಯದಿರುವುದು ನನ್ನ ಅತ್ತೆಯದೇ. 170/100. ಡಾಕ್ಟರ್ ಮೇಡಂ ಒಂದು ಮಾತ್ರೆಯನ್ನು ಎರಡು ಮಾಡಿದರು. "ಸಿಸ್ಟರ್ ಮನೆಯಲ್ಲೇ ಹೀಗಾದ್ರೆ ಹೇಗೆ?" ಅಂತ ನಕ್ಕರು. ನಾನೂ ನಕ್ಕೆ. ಒಳಗೆ ಉರಿಯಿತು. ಉಪ್ಪಿನ ಡಬ್ಬಿ ಎತ್ತಿಟ್ಟಿದ್ದೇನೆ. ಉಪ್ಪಿನಕಾಯಿ ಮನೆಯಿಂದಲೇ ಓಡಿಸಿದ್ದೇನೆ. ದಿನಾ ಸಂಜೆ ಕೈ ಹಿಡಿದು ನಡೆಸುತ್ತೇನೆ. ಇನ್ನೇನು, ಮಾತ್ರೆಯನ್ನೂ ನಾನೇ ನುಂಗಬೇಕೇ? ಅತ್ತೆ ಮಾತ್ರ ಏನೂ ಅರಿಯದ ಮಗುವಿನ ಮುಖ ಮಾಡಿಕೊಂಡು, "ನಾನು ತಗೋತಾನೇ ಇದೀನಲ್ಲಮ್ಮ" ಎಂದರು.

ಜೂನ್ 19, ಗುರುವಾರ

ಐಡಿ ಕಾರ್ಡ್ ಮರೆತು ಅರ್ಧ ದಾರಿಯಿಂದ ವಾಪಸ್ ಹೋದೆ. ಅಡುಗೆಮನೆಯಲ್ಲಿ ತಾಯಿ, ಮಗ. ಅತ್ತೆ ಸ್ಟ್ರಿಪ್ಪಿನಿಂದ ಮಾತ್ರೆ ಒತ್ತಿ ತೆಗೆದು ಇವರ ಅಂಗೈಗೆ ಹಾಕಿದರು. ಇವರು ಟೀ ಜೊತೆ ನುಂಗಿದರು. ನನ್ನ ಗಂಡ. ಸಿಟಿ ಬಸ್ ಓಡಿಸುವವರು.

ನನ್ನನ್ನು ಕಂಡು ಇಬ್ಬರೂ ಅಲ್ಲೇ ಕಂಬವಾದರು.

ಚಳಿಗಾಲದಿಂದ ನಡೆಯುತ್ತಿದೆಯಂತೆ. ತಲೆನೋವು ಅಂತ ಯಾವುದೋ ಮೆಡಿಕಲ್ ಶಾಪಿನಲ್ಲಿ ನೋಡಿಸಿಕೊಂಡರಂತೆ, ಬಿ.ಪಿ. ಬಹಳ ಇತ್ತಂತೆ. ತಾಯಿಗೆ ಹೇಳಿದ್ದಾರೆ. ನನಗಿಲ್ಲ.

"ನಿನಗೆ ಹೇಳಿದ್ರೆ ಕಂಪ್ಯೂಟರಿಗೆ ಹಾಕ್ತೀಯ. ಡಿಪೋದವರ ಮೆಡಿಕಲ್ ತಪಾಸಣೆಯಲ್ಲಿ ಅದು ಕಾಣತ್ತೆ. ಆಮೇಲೆ ನನ್ನ ಕೈಗೆ ಸ್ಟೀರಿಂಗ್ ಎಲ್ಲಿ?" ಎಂದರು.

ಸುಳ್ಳಲ್ಲ. ಇವರ ಜೊತೆಯ ಒಬ್ಬ ಡ್ರೈವರನ್ನು ಹಾಗೇ ಇಳಿಸಿ ಶೆಡ್ಡಿಗೆ ಹಾಕಿದ್ದಾರೆ. ಈಗ ಆತ ಬಸ್ ತೊಳೆಯುತ್ತಾನೆ.

"ನಂದೇನು, ಆಯಿತು ಹೋಯಿತು. ಅವನು ದುಡಿಯೋನು" ಎಂದರು ಅತ್ತೆ.

ದೀಪದ ಬುಡದಲ್ಲೇ ಕತ್ತಲೆ. ಊರಿಗೆಲ್ಲ ಬುದ್ಧಿ ಹೇಳುತ್ತೇನೆ. ನನ್ನ ಮನೆಯವರು ನನಗೇ ಹೆದರಿ ರೋಗ ಮುಚ್ಚಿಡುತ್ತಾರೆ. ಅತ್ತೆ ಅರ್ಧ ಮಾತ್ರೆಯಲ್ಲಿ, ಮಗ ಇನ್ನರ್ಧದಲ್ಲಿ. ಇಬ್ಬರಿಗೂ ವಾಸಿಯಿಲ್ಲ.

ಅದೇ ದಿನ, ಸಂಜೆ

ಇವರದು ನೋಡಿದೆ. 176/108. ಮಾತ್ರೆ ನುಂಗಿಯೂ ಇಷ್ಟು.

"ಹಿಂದೆ ಅಷ್ಟು ಜನ ಕೂತಿರ್ತಾರೆ ರೀ" ಎಂದೆ.

"ಗೊತ್ತು ಕಣೇ. ಕನ್ನಡಿಯಲ್ಲಿ ದಿನಾ ನೋಡೋನು ನಾನೇ ಅಲ್ವಾ." ತೋಳಿನ ಪಟ್ಟಿ ಬಿಚ್ಚಿ ಕೊಡುತ್ತ, "ಜುಲೈ ಕೊನೆಗೆ ಮೆಡಿಕಲ್. ಅದೊಂದು ಮುಗೀಲಿ. ಆಮೇಲೆ ನೀನು ಹೇಳಿದ ಹಾಗೆ" ಎಂದರು.

ನಾನು ಹೂಂ ಅನ್ನಲಿಲ್ಲ. ಊಹೂಂ ಅಂತಲೂ ಅನ್ನಲಿಲ್ಲ.

ಜುಲೈ 8, ಮಂಗಳವಾರ

ಇಷ್ಟು ದಿನ ಈ ಡೈರಿ ತೆರೆಯಲು ಮನಸ್ಸಾಗಲಿಲ್ಲ.

ಅತ್ತೆಯದು ಮತ್ತೆ 168. ಮೇಡಂ ಬಾಯಿ ತೆರೆಯುವ ಮೊದಲೇ ನಾನೇ ಕೇಳಿದೆ — "ಇನ್ನೊಂದು ಮಾತ್ರೆ ಸೇರಿಸೋಣ್ವಾ ಮೇಡಂ?" ಇಬ್ಬರಿಗೂ ಸಾಲಲಿ ಅಂತ. ಕೇಳಿದ್ದು ನಾನೇ. ನಾಚಿಕೆಯೂ ಆಗಲಿಲ್ಲ ಆಗ. ಈಗ ಆಗುತ್ತಿದೆ.

ಮೇಡಂ ಸೇರಿಸಿದರು. ಜೊತೆಗೆ ಒಂದು ಮಾತು. "ಇಷ್ಟು ಕೊಟ್ರೂ ಇಳೀತಿಲ್ಲ ಅಂದ್ರೆ ನಿಜವಾಗ್ಲೂ ತಗೋತಿದಾರಾ ಅಂತ ನೋಡ್ಬೇಕು. ಒಂದು ವಾರ ಇಲ್ಲೇ ಬಂದು ನಿಮ್ಮೆದುರೇ ನುಂಗಲಿ. ಮನೆಗೆ ಸ್ಟ್ರಿಪ್ ಬೇಡ."

ತೋಡಿದ ಗುಂಡಿಗೆ ನಾನೇ ಬಿದ್ದೆ.

ಜುಲೈ 9, ಬುಧವಾರ

ಅತ್ತೆ ಬಂದು ಬೆಂಚಿನ ಮೇಲೆ ಕೂತರು. ಮೂರೂ ಮಾತ್ರೆ ನನ್ನ ಕೈಯಿಂದಲೇ ಕೊಟ್ಟೆ. ಅಷ್ಟನ್ನು ಅವರ ಮೈ ಯಾವತ್ತೂ ಕಂಡಿಲ್ಲ. ಬಿ.ಪಿ. ಒಮ್ಮೆಗೇ ಕುಸಿಯಬಹುದು. ಮೇಡಂಗೆ ಗೊತ್ತಿಲ್ಲ, ನನಗೆ ಗೊತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಅತ್ತೆ ನನ್ನನ್ನೇ ನೋಡುತ್ತ ನುಂಗಿದರು. ಗೇಟಿನ ತನಕ ಬಿಡಲು ಹೋದಾಗ ಮೆಲ್ಲಗೆ ಕೇಳಿದರು.

"ಅವನಿಗೆ?"

ಇವರಿಗೆ ಇವತ್ತು ಮಾತ್ರೆಯಿಲ್ಲ. ಚೀಟಿ ಇಲ್ಲದೆ ಅಂಗಡಿಯಲ್ಲಿ ಕೊಡುವುದಿಲ್ಲ.

ಜುಲೈ 11, ಬೆಳಿಗ್ಗೆ ಏಳು

ಅತ್ತೆ ಗೋಡೆ ಹಿಡಿದು ನಡೆಯುತ್ತಿದ್ದಾರೆ. ಕಣ್ಣು ಕತ್ತಲೆ ಬರುತ್ತಂತೆ. ಇವರಿಗೆ ತಲೆ ಸಿಡಿಯುತ್ತಿದೆ, ಕಣ್ಣು ಕೆಂಪು. ಹಾಗೇ ಡ್ಯೂಟಿಗೆ ಹೊರಟರು. ಒಬ್ಬರದು ಇಳಿಯುತ್ತಿದೆ, ಒಬ್ಬರದು ಏರುತ್ತಿದೆ. ಬಾಯಿ ಬಿಟ್ಟರೆ ಇವರ ಕೆಲಸ. ಬಿಡದಿದ್ದರೆ ಯಾರ ಜೀವವೋ. ಅತ್ತ ದರಿ, ಇತ್ತ ಪುಲಿ... ಇವತ್ತು ಮೇಡಂಗೆ ಹೇಳಿಬಿಡುತ್ತೇನೆ.

ಜುಲೈ 11, ಸಂಜೆ, ಕ್ಲಿನಿಕ್

ಹೇಳಲಿಲ್ಲ. ಬೆಳಿಗ್ಗೆ ಮತ್ತೆ ಮೂರು ಕೊಟ್ಟೆ.

ಮಧ್ಯಾಹ್ನ ಅತ್ತೆ ಬಚ್ಚಲಲ್ಲಿ ಬಿದ್ದರು. ಪಕ್ಕದ ಮನೆಯವರು ಫೋನ್ ಮಾಡಿ, ಇವರು ಡ್ಯೂಟಿ ಬಿಟ್ಟು ಬಂದು ಆಟೋದಲ್ಲಿ ಕರೆತಂದರು. 84/50. ಮೈ ತಣ್ಣಗೆ. ಡ್ರಿಪ್ ಹಾಕುವಾಗ ನರ ತಪ್ಪಿ ಎರಡು ಸಲ ಚುಚ್ಚಿದೆ. ಮೂಳೆ ಮುರಿದಿಲ್ಲ, ಸದ್ಯ.

ಕಣ್ಣು ಬಿಟ್ಟ ಕೂಡಲೇ, "ಮರೆತು ಮನೇಲಿ ಇನ್ನೊಂದ್ಸಲ ನುಂಗಿಬಿಟ್ಟೆ" ಎಂದರು.

"ಮನೇಲಿ ಸ್ಟ್ರಿಪ್ಪೇ ಇಲ್ವಲ್ಲಮ್ಮ" ಎಂದರು ಮೇಡಂ.

ಅತ್ತೆಯ ನೋಟ ಮಗನ ಕಡೆ ಹೋಯಿತು. ಮೇಡಂ ಇವರ ಕೆಂಪು ಕಣ್ಣನ್ನೇ ನೋಡಿದರು. "ನಿಮ್ಮದು ಯಾವಾಗ ನೋಡಿಸಿದ್ರಿ? ಸಿಸ್ಟರ್, ಇವರದೂ ಒಂದ್ಸಲ ನೋಡಿ."

ಇವರು ಧೈರ್ಯವಾಗಿ ತೋಳು ಚಾಚಿದರು. ನಾನು ನಾರ್ಮಲ್ ಅನ್ನುತ್ತೇನೆ ಎಂಬ ನಂಬಿಕೆ. ಅತ್ತೆ ಮಲಗಿದಲ್ಲೇ ನನ್ನತ್ತ ನೋಡಿ ಬೇಡ, ಬೇಡ ಎಂದು ತಲೆಯಾಡಿಸಿದರು. ಮೇಡಂ ಕಂಪ್ಯೂಟರಿನ ಮುಂದೆ ಕೂತಿದ್ದರು.

"ಎಷ್ಟಿದೆ?"

"ನೂರಾ ತೊಂಬತ್ತು, ನೂರಾ ಹದಿನಾಲ್ಕು" ಎಂದೆ. ಇದ್ದದ್ದು ಇದ್ದ ಹಾಗೆ. ಬಾಯಿ ತೆರೆದ ಮೇಲೆ ಉಳಿದದ್ದೂ ಬಂತು. ಯಾರ ಮಾತ್ರೆ ಯಾರು ನುಂಗಿದರು, ಹೆಚ್ಚಿಗೆ ಕೇಳಿದವಳು ಯಾರು, ಎಲ್ಲ. ಅತ್ತೆ ಗೋಡೆಯ ಕಡೆ ಹೊರಳಿದರು.

ಇವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡರು. ಮೇಡಂ ಚೀಟಿ ಬರೆದು ಕೊಟ್ಟರು. ಇವರು ಅದನ್ನು ಹಿಡಿದು, ನಾನು ಮಾತ್ರೆ ಕೊಡುವ ಕೌಂಟರಿಗೆ ಬಂದು ನಿಂತರು.

"ಊಟಕ್ಕೆ ಮುಂಚೆ ತಗೋಬೇಕಾ, ಆದ್ಮೇಲಾ, ಸಿಸ್ಟರ್?"

ಹದಿನಾರು ವರ್ಷದ ಸಂಸಾರ. ನನ್ನನ್ನು ಹಾಗೆ ಕರೆದದ್ದು ಇದೇ ಮೊದಲು. ಸ್ಟ್ರಿಪ್ ಕತ್ತರಿಸಿ ಕವರಿಗೆ ಹಾಕಿದೆ. ಎಲ್ಲರಿಗೂ ಹೇಳುವ ಹಾಗೇ ಹೇಳಿದೆ. ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು. ದಿನಾ ಒಂದೇ ಹೊತ್ತಿಗೆ. ನಿಮ್ಮದನ್ನು ಯಾರಿಗೂ ಕೊಡಬೇಡಿ, ಬೇರೆ ಯಾರದನ್ನೂ —