ಉಮ್ಮ ಬಳಸುವ ಕಾವಲಿ

ಕುಂಬ್ರ
೧೨ ಮೇ ೨೦೨೫

ಪ್ರೀತಿಯ ಮಗ ಹಕೀಮ್‌ಗೆ ಉಮ್ಮನ ಸಲಾಂ.

ಗಂಟಲು ನೋವು ಕಡಿಮೆಯಾಯಿತಾ? ಎಸಿಯನ್ನು ಮುಖಕ್ಕೆ ತಿರುಗಿಸಿಕೊಂಡು ಮಲಗಬೇಡ ಎಂದರೆ ಕೇಳುವವನಲ್ಲ ನೀನು. ನನಗೆ ಮಂಡಿನೋವೊಂದು ಬಿಟ್ಟರೆ ಸೌಖ್ಯ. ಫೋನಿನಲ್ಲಿ ಹೇಳಿದರೆ ನಕ್ಕು ಮಾತು ಹಾರಿಸುತ್ತೀ, ಅದಕ್ಕೇ ಬರೆದು ನಿನ್ನ ಮಾವನ ಮಗ ರಿಯಾಝ್‌ನ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಅವನು ಇವತ್ತೇ ದುಬೈಗೆ ಹೊರಟಿದ್ದಾನೆ. ನೆರೆಮನೆಯ ಫಸೀಲಾಳ ಹತ್ತಿರ ಅವಳ ಮಗಳು ಅಮೀರಾಳನ್ನು ನಿನಗೆ ಕೇಳು ಎಂದಿದ್ದೆಯಲ್ಲ, ಅದು ಮರೆತಿಲ್ಲ, ಕೊನೆಗೆ ಬರೆಯುತ್ತೇನೆ. ಮೊದಲು ಕಾವಲಿಯ ಸಂಗತಿ.

ನನ್ನ ಹೆಸರಿನಲ್ಲಿ ನೀನು ನಡೆಸುವ ಅಡುಗೆಯ ವೆಬ್‌ಸೈಟಿನಲ್ಲಿ ನಮ್ಮ ಅಕ್ಕಿರೊಟ್ಟಿ ಪತ್ತಿರ್ ಸುಡುವ ಕ್ರಮದ ಕೆಳಗೆ ‘ಉಮ್ಮ ಬಳಸುವ ಕಾವಲಿ ಇದೇ’ ಎಂದು ಬರೆದಿದ್ದೀಯಂತೆ. ಫಸೀಲಾ ಫೋನಿನಲ್ಲಿ ಆ ಸಾಲನ್ನು ಒತ್ತಿ ಕಾವಲಿ ತರಿಸಿಕೊಂಡಿದ್ದಾಳೆ. ಮೊನ್ನೆ ಆ ಕಾವಲಿಯನ್ನು ಹಿಡಿದುಕೊಂಡೇ ಬಂದಳು. ಮೇಲಿನ ಕಪ್ಪು ಬಣ್ಣವೆಲ್ಲ ಎದ್ದು ಪತ್ತಿರಿಗೆ ಅಂಟುತ್ತಿತ್ತು. ನನ್ನ ಒಲೆಯ ಮೇಲೆ ಏನಿತ್ತು ಹೇಳು? ನಿನ್ನ ಅಜ್ಜಿಯ ಕಾಲದ ಅದೇ ಕಬ್ಬಿಣದ ಕಾವಲಿ! ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಚಹಾ ಕುಡಿಯದೆ ಹೋದಳು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ರಿಯಾಝ್‌ನನ್ನು ಕೇಳಿದೆ. ಆ ಸಾಲಿನಲ್ಲಿ ಕಾಣುವುದು ನಮ್ಮ ವೆಬ್‌ಸೈಟಿನ ವಿಳಾಸವೇ ಅಂತೆ, ಒತ್ತಿದರೆ ಮಾತ್ರ ಯಾವುದೋ ಅಂಗಡಿಗೆ ಹೋಗಿ ನಿಲ್ಲುತ್ತದಂತೆ, ಕೊಂಡರೆ ನಿನಗೆ ಕಮಿಷನ್ ಅಂತೆ. “ಎಲ್ಲರೂ ಮಾಡುದೇ ಅದು, ಮಾಮಿ” ಎಂದ. ನನಗೆ ತಲೆಬುಡ ತಿಳಿಯಲಿಲ್ಲ. ನಮ್ಮ ಅಲಿ ಕುಂಞಿಯೂ ಮದುವೆ ಕುದುರಿಸಿ ಕಮಿಷನ್ ತೆಗೆದುಕೊಳ್ಳುತ್ತಾನೆ, ಆದರೆ ಅವನು ದಲ್ಲಾಳಿ ಎಂದು ಊರಿಗೇ ಗೊತ್ತು, ಯಾರಿಗೂ ಬೇಸರವಿಲ್ಲ. ಅಂಗಡಿಯವರು ಕೊಡುವುದು ತಪ್ಪಲ್ಲ, ನೀನು ತೆಗೆದುಕೊಳ್ಳುವುದೂ ತಪ್ಪಲ್ಲ ಎಂದಾದರೆ ನನಗೇಕೆ ಹೀಗೆ ನಾಚಿಕೆ? ಬೈಯಬೇಕೆಂದು ಕುಳಿತರೆ, ಮೊದಲು ಸಿಕ್ಕ ಕಮಿಷನ್ನಿನಲ್ಲಿ ನೀನು ಕಳುಹಿಸಿದ ಶಾಲು ಹೆಗಲ ಮೇಲೆಯೇ ಉಂಟು. ಅದನ್ನು ತೆಗೆದಿಡಬೇಕೋ ಹೊದೆಯಬೇಕೋ ಅದೂ ಗೊತ್ತಾಗುತ್ತಿಲ್ಲ.

ಅಲ್ಲಾಹು ನಿನ್ನನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಉಮ್ಮ
ಹವ್ವಮ್ಮ

ಮರೆತೇಬಿಟ್ಟಿದ್ದೆ, ರಿಯಾಝ್ ಅಂಗಳದಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ. ನಿನ್ನೆ ಫಸೀಲಾಳ ಮನೆಗೆ ಹೋಗಿ ಅಮೀರಾಳನ್ನು ಕೇಳಿದೆ. ನನ್ನ ಮಗ ಒಳ್ಳೆಯವನು, ಯಾರಿಗೂ ಮೋಸ ಮಾಡುವವನಲ್ಲ ಎಂದೆ. ಅವಳು ಜಗಳವಾಡಲಿಲ್ಲ. ಮೆಲ್ಲಗೆ ಕೇಳಿದಳು: “ಇದು ನೀವೇ ಹೇಳುದಾ, ಅಲ್ಲ ಇದನ್ನೂ ಅವ ಬರೆದು ಕೊಟ್ಟದ್ದಾ?” ನಾನೇ ಹೇಳುವುದು ಎಂದೆ. ಅವಳು ನಂಬಲಿಲ್ಲ, ಮಗನೇ.