ಹಗ್ಗದಾಚೆಯ ಜಾಡು

ಎವಾರಿಸ್ತೊ ಅಣ್ಣಾ,

ಇವತ್ತು ಒಬ್ಬನ ಹಲ್ಲು ಮುರಿದೆ. ಬ್ಯೂನಸ್ ಐರಿಸ್‌ನಿಂದ, ರಸ್ತೆಯೇ ಮುಗಿದುಹೋಗುವ ನಮ್ಮ ಆಂಡಿಸ್ ಊರಿಗೆ ಸ್ಕೀಯಿಂಗ್‌ಗೆಂದು ಬಂದವನು. ನೀನು ಹಿಮದಡಿ ಹೂತುಹೋದ ಇಳಿಜಾರಿಗೆ ಅಡ್ಡ ಕಟ್ಟಿರುವ ಹಗ್ಗ ದಾಟಿ ಹೊರಟಿದ್ದ. ಕಾವಲಿಗಿದ್ದ ನಾನು ಕೊರಳಪಟ್ಟಿ ಹಿಡಿದು ಎಳೆದೆ.

"ದುಡ್ಡು ಕೊಟ್ಟು ಬಂದಿದೀನಿ ಕಣಮ್ಮಾ. ಬೆಟ್ಟ ಏನು ನಿಮ್ಮಪ್ಪಂದಾ?" ಅಂದ.

"ಅಲ್ಲ ಕಣೋ, ನಮ್ಮಣ್ಣಂದು!"

ಸ್ಕೀ ಕೋಲಿನ ಹಿಡಿಯಿಂದ ಬಾಯಿಗೆ ಗುದ್ದಿದೆ. ಹಿಮದ ಮೇಲೆ ರಕ್ತ ಚೆಲ್ಲಿತು. ಕೆಡವಿ, ಎದೆಯ ಮೇಲೆ ಕೂತು, ಕೈ ಸೋಲುವವರೆಗೂ ಹೊಡೆದೆ.

"ಅಯ್ಯೋ, ಬಿಡಮ್ಮಾ! ಆ ಕಡೆ ಯಾರೋ ಹೋಗಿರೋ ಜಾಡಿತ್ತು, ಅದನ್ನ ನೋಡೇ ಹೊರಟೆ," ಎಂದು ಅತ್ತ.

ಆ ಜಾಡು ನನ್ನದು. ನೀನಿನ್ನೂ ಸಿಕ್ಕಿಲ್ಲವಲ್ಲ, ಬೆಳಗಾದರೆ ಹುಡುಕಿಕೊಂಡು ಅಲ್ಲಿಗೇ ಬರುತ್ತೇನೆ.

ಅದನ್ನು ಅವನಿಗೆ ಹೇಳಲಿಲ್ಲ. ಇನ್ನೊಮ್ಮೆ ಗುದ್ದಿದೆ.