ಓರೆಯಾಗಿ ಬಿದ್ದ ಗಾಜು

ಮಾರ್ಚ್ 8, ಭಾನುವಾರ

ಪ್ರೀತಿಯ ಅಮ್ಮನಿಗೆ,

ಈ ಕಾಗದವನ್ನು ಹೋದ ವಾರವೇ ಬರೆದು ಲಕೋಟೆಗೆ ಹಾಕಿದ್ದೆ. ಅಂಟಿಸುವ ಮೊದಲು ಇನ್ನೊಮ್ಮೆ ಓದಿದೆ. ಬರೆದದ್ದು ಬಹುಮಟ್ಟಿಗೆ ನಿಜವೇ. ಆದರೆ ಒಂದು ಮಾತು ಬಿಟ್ಟುಹೋಗಿತ್ತು. ಮರೆವಿನಿಂದ ಬಿಟ್ಟದ್ದು ಎಂದು ನನಗೆ ನಾನೇ ಹೇಳಿಕೊಳ್ಳಲು ನೋಡಿದೆ, ಆಗಲಿಲ್ಲ. ಅದನ್ನೀಗ ಬೇರೆ ಹಾಳೆಯಲ್ಲಿ ಬರೆದು ಮಡಚಿ ಇಟ್ಟಿದ್ದೇನೆ.

ಟೈಲರ್ ಅಕ್ಕ, ಅಮ್ಮನಿಗೆ ಕಾಗದ ಓದಿ ಹೇಳುವವರು ನೀವೇ ಎಂದು ಗೊತ್ತು. ಪಕ್ಕದ ಮನೆಯವರಾಗಿ ನೀವು ನಮಗೆ ಮಾಡಿದ್ದು ಸಣ್ಣದಲ್ಲ. ಆದರೂ ಆ ಒಂದು ಹಾಳೆಯನ್ನು ಬಿಚ್ಚದೆ ಅಮ್ಮನ ಕೈಗೆ ಕೊಟ್ಟುಬಿಡಿ. ಉಳಿದದ್ದನ್ನು ಗಟ್ಟಿಯಾಗಿ ಓದಿ. ಬೀದಿಗೆಲ್ಲ ಕೇಳಿಸಿದರೂ ಪರವಾಗಿಲ್ಲ, ಇದು ಜಂಬದ ಕಾಗದ.

ತಡವಾಯಿತೆಂದು ಬೈಯಬೇಡ ಅಮ್ಮ. ಕೆಲಸ ಕುತ್ತಿಗೆಯವರೆಗೆ ಬಂದಿತ್ತು. ಈ ಸಲ ಟೈಪ್ ಮಾಡಿದ್ದೇನೆ. ನಿನ್ನ ಕಣ್ಣಿಗೆ ಅನುಕೂಲವಾಗಲಿ ಎಂದು ದಪ್ಪ ಅಕ್ಷರ.

ಸುದ್ದಿ ಇಷ್ಟು: ನಾವು ಒಂದು ಹೊಸ ಪತಂಗವನ್ನು ಕಂಡುಹಿಡಿದಿದ್ದೇವೆ. ಹೊಸದು ಎನ್ನುವುದೂ ಪೂರ್ತಿ ಸರಿಯಲ್ಲ. ಅಜ್ಜ ಹುಟ್ಟುವುದಕ್ಕೂ ಮೊದಲಿನಿಂದ ಅದು ನಮ್ಮ ಮ್ಯೂಸಿಯಂನ ಡ್ರಾಯರಿನಲ್ಲೇ ಇತ್ತು, ಇನ್ನೊಂದು ಪತಂಗದ ಹೆಸರಿನ ಕೆಳಗೆ, ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡು. ಎರಡಕ್ಕೂ ಒಂದೇ ಬಣ್ಣ, ಒದ್ದೆಯಾದ ಮರದ ತೊಗಟೆಯದು. ರೆಕ್ಕೆಯ ಗೆರೆಗಳೂ ಒಂದೇ. ಜೊತೆಗಿಟ್ಟರೆ ಯಾವುದು ಯಾವುದೆಂದು ನಾನೂ ಹೇಳಲಾರೆ.

ನೀನು ಈಗ ಏನು ಹೇಳುತ್ತೀ ಎಂದು ಗೊತ್ತು. ನಾನು ಈ ಕೆಲಸಕ್ಕೆ ಸೇರಿದ ದಿನ ಹೇಳಿದ್ದನ್ನೇ. "ನುಸಿ ತಿಂದ ತೂತು ಮುಚ್ಚಿ ಮುಚ್ಚಿ ನಿನ್ನನ್ನ ಇಂಗ್ಲಿಷ್ ಶಾಲೆಗೆ ಹಾಕಿದೆ. ಓದಿ ಬಂದು ಆ ನುಸಿಗೇ ಸೇವೆ ಮಾಡ್ತೀನಿ ಅಂತೀಯಲ್ಲ, ನಾನು ಯಾರ ಹತ್ರ ಹೇಳ್ಕೊಳ್ಳಲಿ?" ಅದನ್ನು ಮ್ಯೂಸಿಯಂನಲ್ಲಿ ಜೊತೆಯವರಿಗೆ ಹೇಳಿ ನಗಿಸುತ್ತೇನೆ. ಆಮೇಲೆ ನೀನು ಮಾಡುತ್ತಿದ್ದ ರಫೂ ಕೆಲಸವನ್ನೂ ವಿವರಿಸುತ್ತೇನೆ: ಉಣ್ಣೆಯ ಕೋಟಿನ ಒಳಅಂಚಿನಿಂದ ಎಳೆ ಬಿಡಿಸಿ, ಎಲ್ಲಿ ಹರಿದಿತ್ತೆಂದು ಕೋಟಿನ ಒಡೆಯನಿಗೇ ತಿಳಿಯದ ಹಾಗೆ ನೇಯುವುದು. ಮೊಣಕೈಯನ್ನು ಮೇಜಿಗೆ ಊರಿ, ಉಸಿರು ಬಿಟ್ಟ ಮೇಲೆ ಸೂಜಿ ಹಾಕುವುದು. ಪತಂಗ ಕೊಯ್ಯುವಾಗ ನಾನು ಕೂರುವುದೂ ಹಾಗೆಯೇ. ಯಾವ ಕಾಲೇಜೂ ಅದನ್ನು ಕಲಿಸಲಿಲ್ಲ.

ಈಗ ಕಥೆಗೆ ಬರುತ್ತೇನೆ.

ನಮ್ಮಲ್ಲಿ ಒಬ್ಬಳು ಹುಡುಗಿ ಸೇರಿದ್ದಾಳೆಂದು ಬರೆದಿದ್ದೆನಲ್ಲ, ಎಲ್ಲರೂ ಅವಳನ್ನು ಬಾರ್‌ಕೋಡ್ ಎಂದೇ ಕರೆಯುತ್ತಾರೆ. ಪತಂಗದ ಒಂದು ಕಾಲು ಮುರಿದುಕೊಂಡು ಹೋಗಿ, ಅದರಿಂದ ಡಿಎನ್‌ಎ ತೆಗೆಯುತ್ತಾಳೆ. ಎಲ್ಲ ಪ್ರಾಣಿಗಳಲ್ಲೂ ಇರುವ ಒಂದು ಚಿಕ್ಕ ತುಂಡನ್ನು ಮಾತ್ರ ಯಂತ್ರದಲ್ಲಿ ಓದಿಸುತ್ತಾಳೆ. ಅಂಗಡಿಯ ಬಿಸ್ಕತ್ತು ಪೊಟ್ಟಣದ ಮೇಲೆ ಕಪ್ಪು ಗೆರೆಗಳಿರುತ್ತವಲ್ಲ, ಹಾಗೆ ಪ್ರತಿ ಜಾತಿಗೂ ಸುಮಾರಾಗಿ ತನ್ನದೇ ಗೆರೆ. ನಮ್ಮ ತೊಗಟೆ ಬಣ್ಣದ ಪತಂಗಗಳನ್ನು ಓದಿಸಿದಾಗ ಒಂದು ಗುಂಪು ಬರಬೇಕಿದ್ದಲ್ಲಿ ಎರಡು ಬಂದವು. ನಡುವೆ ದೊಡ್ಡ ಅಂತರ.

"ಮೇಡಂ, ಇವು ಅಣ್ಣತಮ್ಮ ಅಲ್ಲ, ದೂರದ ನೆಂಟರೂ ಅಲ್ಲ," ಎಂದಳು. "ಒಂದೇ ಥರ ಅಂಗಿ ಹಾಕ್ಕೊಂಡ ಬೇರೆ ಬೇರೆ ಮನೆಯವರು."

ನಮ್ಮ ದೊಡ್ಡವರು, ಮ್ಯೂಸಿಯಂ ನಡೆಸುವವರು, ಒಪ್ಪಲಿಲ್ಲ. ಬಾರ್‌ಕೋಡ್ ಒಂದನ್ನೇ ನಂಬಿ ಹೊಸ ಹೆಸರಿಡಲು ಆಗದು, ದೇಹದಲ್ಲೂ ವ್ಯತ್ಯಾಸ ಕಾಣಬೇಕು ಎಂದರು. ಅದು ನ್ಯಾಯವೇ. ಆಮೇಲೆ ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, ನಗುತ್ತಲೇ ಹೇಳಿದರು: "ನೀವು ಇಷ್ಟು ವರ್ಷ ಕೊಯ್ದು ನೋಡಿದ್ದೀರಿ, ನಿಮಗೆ ಒಂದೇ ಕಂಡಿದೆ. ಯಂತ್ರಕ್ಕೆ ಎರಡು ಕಂಡಿದೆ. ಈ ಸಲವೂ ನಿಮ್ಮ ಮೇಜಿಂದ ಏನೂ ಬರದೇ ಇದ್ರೆ, ಆ ಜಾಗದಲ್ಲಿ ಇನ್ನೊಂದು ಯಂತ್ರ ಇಡೋದೇ ವಾಸಿ ಅಲ್ವಾ?"

ಕಿಟಕಿಯ ಪಕ್ಕದ ಆ ಮೇಜನ್ನು ನೀನು ನೋಡಿದ್ದೀ. ಲವಂಗದ ಎಣ್ಣೆಯ ವಾಸನೆ, ಕಾಲಿಗೆ ಕಾಗದ ಮಡಚಿ ಕೊಟ್ಟರೂ ಅಲುಗಾಡುವ ಕುರ್ಚಿ. ನನಗೆ ಕೋಪ ಬರಲಿಲ್ಲ. ಅವರು ಹೇಳಿದ್ದು ಸರಿಯಿರಬಹುದೇ ಎಂಬ ಅನುಮಾನ ಬಂತು. ನನ್ನ ಸ್ವಭಾವ ನಿನಗೆ ಗೊತ್ತು, ಯಾರಾದರೂ ಗಟ್ಟಿಯಾಗಿ ಹೇಳಿದರೆ ಮೊದಲು ನನ್ನನ್ನೇ ಶಂಕಿಸುತ್ತೇನೆ. ಹುಡುಗಿ ಮಾತ್ರ ಹೊರಗೆ ಬಂದ ಮೇಲೆ ಕಾಲು ಅಪ್ಪಳಿಸಿದಳು. "ನನ್ನ ಯಂತ್ರಕ್ಕೆ ನಿಮ್ಮ ಮೇಜು ಬೇಡ ಮೇಡಂ. ನಾನು ಅಕ್ಷರ ಓದ್ತೀನಿ ಅಷ್ಟೇ. ಅರ್ಥ ಹೇಳೋರು ಯಾರು?"

ಟೈಲರ್ ಅಕ್ಕ, ಮುಂದಿನ ನಾಲ್ಕು ಸಾಲು ಓದುವಾಗ ನಗಬೇಡಿ. ಪತಂಗಗಳ ಗುಟ್ಟು ರೆಕ್ಕೆಯಲ್ಲಿರುವುದು ಕಡಿಮೆ. ಹೆಚ್ಚಾಗಿ ಹೊಟ್ಟೆಯ ತುದಿಯಲ್ಲಿ, ಗಂಡು ಹೆಣ್ಣು ಕೂಡುವ ಅಂಗದಲ್ಲಿ. ಬೀಗಕ್ಕೆ ತಕ್ಕ ಕೀಲಿಕೈ ಇದ್ದ ಹಾಗೆ. ಹೊಟ್ಟೆಯನ್ನು ಬಿಡಿಸಿ, ಬಿಸಿ ಕ್ಷಾರದ ನೀರಿನಲ್ಲಿ ಮಾಂಸ ಕರಗಿಸಿ, ಕುಂಚದ ಒಂದೆರಡು ಕೂದಲಿನಿಂದ ಹುಡಿ ಒರೆಸಿ, ಒಳಗಿನ ಗಟ್ಟಿ ಭಾಗವನ್ನು ಹೊರಗೆಳೆಯಬೇಕು. ಅಕ್ಕಿಯ ನುಚ್ಚಿಗಿಂತ ಸಣ್ಣದು. ಅದನ್ನು ಗಾಜಿನ ಮೇಲೆ ಅಂಗಾತ ಹರವಿ, ಮೇಲೊಂದು ತೆಳು ಗಾಜು ಮುಚ್ಚಿ ಒತ್ತಿ, ಒಣಗಿಸುವುದು ನಮ್ಮ ಪದ್ಧತಿ. ನಮ್ಮ ಗುರುಗಳೂ ಹಾಗೆಯೇ ಮಾಡಿದ್ದು, ಅವರ ಗುರುಗಳೂ ಹಾಗೆಯೇ.

ಹುಡುಗಿ ಹೇಳಿದ ಎರಡನೇ ಗುಂಪಿನಲ್ಲಿ ಆಗ ಗಂಡು ಇದ್ದದ್ದೇ ಎರಡು. ಮೊದಲನೆಯದನ್ನು ಕೊಯ್ದು ಒತ್ತಿದೆ. ಹಳೆಯ ಜಾತಿಯ ಪಕ್ಕದಲ್ಲಿಟ್ಟು ನೋಡಿದೆ. ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಉಳಿದದ್ದು ಒಂದು. ಅದೂ ಹೋದರೆ ಮೇಜೂ ಹೋದ ಹಾಗೆಯೇ ಎಂದು ನನಗೂ ಹುಡುಗಿಗೂ ಗೊತ್ತಿತ್ತು.

ಊಟವಾದ ಮೇಲೆ, ಬೆಳಕು ಚೆನ್ನಾಗಿದ್ದಾಗ ಕೂತೆ. ಎಲ್ಲ ಸರಿಯಾಗಿಯೇ ನಡೆಯಿತು. ಕೊನೆಗೆ ಮುಚ್ಚುವ ಗಾಜು ಓರೆಯಾಗಿ ಬಿತ್ತು. ಅದರ ಒಂದು ಅಂಚು ನಿಂತುಕೊಂಡಿತು, ಕೆಳಗಿದ್ದದ್ದು ಅಂಗಾತವಾಗಿರದೆ ಪಕ್ಕಕ್ಕೆ ಹೊರಳಿತು. "ಅಯ್ಯೋ," ಎಂದಳು ಹುಡುಗಿ. ನಾನು ಸರಿಪಡಿಸಲು ಸೂಜಿ ಎತ್ತಿಕೊಂಡು ಮಸೂರದಲ್ಲಿ ಕಣ್ಣಿಟ್ಟೆ. ಸೂಜಿಯನ್ನು ಹಾಗೆಯೇ ಕೆಳಗಿಟ್ಟೆ.

ಗಂಡಿಗೆ ಹೆಣ್ಣನ್ನು ಹಿಡಿಯಲು ಚಿಮಟದಂಥ ಎರಡು ತೋಳುಗಳಿರುತ್ತವೆ. ಹಳೆಯ ಜಾತಿಯಲ್ಲಿ ಅವು ನೇರ. ಇದರಲ್ಲಿ, ಪಕ್ಕದಿಂದ ನೋಡಿದರೆ, ತುದಿ ಮೇಲಕ್ಕೆ ಬಾಗಿತ್ತು, ನಿನ್ನ ಕೊಕ್ಕೆಸೂಜಿಯ ಹಾಗೆ. ಇಷ್ಟು ವರ್ಷ ನಾವು ಮಾಡುತ್ತಿದ್ದದ್ದೇನು ಎಂದರೆ, ಆ ಬಾಗನ್ನು ಗಾಜಿನಡಿ ಒತ್ತಿ, ಬಟ್ಟೆಗೆ ಇಸ್ತ್ರಿ ಹೊಡೆದ ಹಾಗೆ ಚಪ್ಪಟೆ ಮಾಡಿ, ಆಮೇಲೆ ಎರಡೂ ಒಂದೇ ಎಂದು ಬರೆದಿಡುವುದು.

"ನೀನೂ ನೋಡು," ಎಂದೆ. ಅವಳು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ಮೇಡಂ," ಎಂದಳು, "ಇನ್ನು ಈ ಮೇಜನ್ನ ಆನೆ ಬಂದ್ರೂ ಅಲ್ಲಾಡ್ಸಕ್ಕಾಗಲ್ಲ."

ಒಂದನ್ನು ನೋಡಿ ನಂಬುವವರು ನಾವಲ್ಲ. ಅವಳು ಹಳೆಯ ಡ್ರಾಯರುಗಳನ್ನೆಲ್ಲ ಜಾಲಾಡಿ, ಒಣಗಿ ಪುಡಿಯಾಗುವಂತಿದ್ದ ಪತಂಗಗಳ ಕಾಲನ್ನೂ ಓದಿಸಿ, ಎರಡನೇ ಗುಂಪಿನ ಇನ್ನಷ್ಟನ್ನು ಹುಡುಕಿದಳು. ಅವುಗಳನ್ನು ಅವಳ ಕೈಯಲ್ಲೇ ಕೊಯ್ಯಿಸಿದೆ, ಕಲಿಯಲಿ ಎಂದು. ಮೊದಲನೆಯದನ್ನು ಹರಿದಳು, ಅತ್ತಳು, ಎರಡನೆಯದು ಸರಿಹೋಯಿತು. ಒತ್ತದೆ, ದ್ರವದಲ್ಲಿ ತೇಲಿಸಿ, ಪಕ್ಕದಿಂದ ನೋಡಿದೆವು. ಯಂತ್ರ ಎರಡನೇ ಗುಂಪು ಎಂದದ್ದಕ್ಕೆಲ್ಲ ಕೊಕ್ಕೆ ಇತ್ತು, ಮೊದಲನೇ ಗುಂಪಿನ ಒಂದಕ್ಕೂ ಇರಲಿಲ್ಲ. ಕಾಲು ಹೇಳಿದ್ದನ್ನೇ ಹೊಟ್ಟೆಯೂ ಹೇಳಿತು.

ದೊಡ್ಡವರು ಎಲ್ಲರ ಮುಂದೆ ಹೇಳಿದರು: "ಗಾಜನ್ನ ಓರೆಯಾಗಿ ಇಟ್ಟು ನೋಡೋಣ ಅಂತ ಇವರಿಗೆ ಹೊಳೀತಲ್ಲ, ಅದು ಅನುಭವ." ಮೇಜಿನ ವಿಷಯ ಮತ್ತೆ ಎತ್ತಲಿಲ್ಲ. ಮರುದಿನ ಹೊಸ ಕುರ್ಚಿಯೇ ಬಂತು. ನಾನು ಪತಂಗದ ಚಿತ್ರವನ್ನು ಎಲ್ಲರಿಗೂ ತೋರಿಸುತ್ತ ತಿರುಗುವುದನ್ನು ನೋಡಿ ಹುಡುಗಿ, "ಹೆತ್ತವರಿಗೆ ಹೆಗ್ಗಣ ಮುದ್ದು," ಎಂದು ಛೇಡಿಸುತ್ತಾಳೆ. ಇರಲಿ. ಮುದ್ದಾಗಿಯೇ ಇದೆ.

ಹೆಸರಿನ ವಿಷಯ. ನಿನ್ನ ಹೆಸರಿಡಲಿಲ್ಲ, ಹೆದರಬೇಡ. "ಹುಳಕ್ಕೆ ನನ್ನ ಹೆಸರಿಟ್ಟೀಯಾ, ಜೋಕೆ" ಎಂದು ನೀನು ಹಿಂದೆಯೇ ಎಚ್ಚರಿಸಿದ್ದೆ. ಹರಿದದ್ದನ್ನು ಹೊಲಿದು ಸರಿಮಾಡುವವಳು ಎಂಬ ಅರ್ಥದ ಲ್ಯಾಟಿನ್ ಪದವೊಂದಿದೆ, ಅದನ್ನು ಇಟ್ಟಿದ್ದೇನೆ. ಇದು ಬಟ್ಟೆ ತಿನ್ನುವ ಜಾತಿಯೂ ಅಲ್ಲ. ಇದರ ಮರಿಹುಳು ಬಂಡೆಯ ಮೇಲಿನ ಪಾಚಿ ತಿಂದು, ಯಾರ ಕೋಟಿನ ತಂಟೆಗೂ ಹೋಗದೆ ಬದುಕುತ್ತದೆ. ಲೇಖನ ಅಚ್ಚಾಗಿದೆ. ಕೊನೆಯಲ್ಲಿ ಹೆಸರಿನ ಕಾರಣ ಬರೆಯುವ ಜಾಗದಲ್ಲಿ 'ಲೇಖಕಿಯ ತಾಯಿಯ ಕಸುಬಿನ ಗೌರವಾರ್ಥ' ಎಂದಿದೆ. ಆ ಪುಟವನ್ನು ಇದರ ಜೊತೆ ಕಳಿಸುತ್ತಿದ್ದೇನೆ. ನಿನ್ನ ಕಸುಬಿನ ಬಗ್ಗೆ ಶಾಲೆಯಲ್ಲಿ ಬಾಯಿ ಬಿಡದೆ ಇದ್ದವಳು ಈಗ ಅಚ್ಚಿನಲ್ಲಿ ಹೇಳಿಕೊಂಡು ಹಿಗ್ಗುತ್ತಿದ್ದೇನೆ ಎಂದು ತಿಳಿದುಕೋ.

ಟೈಲರ್ ಅಕ್ಕ, ನನ್ನನ್ನು ನೋಡಿದಾಗಲೆಲ್ಲ "ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಅನ್ನುತ್ತೀರಲ್ಲ, ಆ ಮಾತನ್ನು ಈ ಸಲ ನಾನೇ ಒಪ್ಪಿಕೊಂಡಿದ್ದೇನೆ. ನಿಮ್ಮ ಮೊಮ್ಮಗುವಿಗೆ ನನ್ನ ಆಶೀರ್ವಾದ. ಅಮ್ಮ, ನಿನ್ನ ಆಶೀರ್ವಾದ ನನಗೂ ಇರಲಿ, ಆ ಹುಡುಗಿಗೂ ಇರಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಮಗಳು

(ಬೇರೆ ಹಾಳೆ)

ಮತ್ತೊಂದು ಮಾತು, ಅಮ್ಮ.

ಇದನ್ನು ಕೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ನೋಡಿದ ಕೂಡಲೇ ನಿನಗೆ ಗೊತ್ತಾಗಿರುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಉಳಿದ ಕಾಗದವನ್ನು ಟೈಪ್ ಮಾಡಿದ್ದಕ್ಕೆ ನಿನ್ನ ಕಣ್ಣು ಕಾರಣವಾಗಿರಲಿಲ್ಲ.

ಗಾಜನ್ನು ನಾನು ಓರೆಯಾಗಿ ಇಡಲಿಲ್ಲ. ಕೈ ನಡುಗಿತು, ಬಿತ್ತು. ಮಡಿಲಲ್ಲಿಟ್ಟರೆ ಏನೂ ಇಲ್ಲ. ಸಣ್ಣ ಕೆಲಸಕ್ಕೆ ಎತ್ತಿದರೆ ಶುರುವಾಗುತ್ತದೆ, ಮೊಣಕೈ ಊರಿದರೂ, ಉಸಿರು ಬಿಟ್ಟರೂ. ಉಳಿದ ಪತಂಗಗಳನ್ನು ಹುಡುಗಿಯಿಂದ ಕೊಯ್ಯಿಸಿದ್ದು ಅದಕ್ಕೇ. ಮೇಜನ್ನು ಉಳಿಸಿಕೊಂಡೆ, ಆದರೆ ಅದರ ಮುಂದೆ ಕೂರುವವಳು ಇನ್ನು ಅವಳು. ನಾಳೆ ದೊಡ್ಡವರಿಗೂ ಅವಳಿಗೂ ಹೇಳುತ್ತೇನೆ.

ನೀನು ರಫೂ ಬಿಟ್ಟಾಗ "ಕಣ್ಣು ಮಂಜಾಯ್ತು" ಎಂದೆ. ಓದುವುದನ್ನೂ ಬರೆಯುವುದನ್ನೂ ಪಕ್ಕದ ಮನೆಗೆ ಒಪ್ಪಿಸಿದೆ. ನಾವು ನಂಬಿದೆವು. ಆದರೆ ಕಳೆದ ಸಲ ನಾನು ಬಂದಾಗ ನೀನು ನನ್ನ ಕೆಮ್ಮಿನ ಔಷಧಿಯ ಶೀಶೆಯನ್ನು ಮೇಜಿನ ಮೇಲಿಂದ ಎತ್ತದೆಯೇ ಬಗ್ಗಿ ನೋಡಿ, "ಇದರ ತಾರೀಖು ಮುಗಿದಿದೆ, ಎಸಿ" ಎಂದೆ. ಕನ್ನಡಕವೂ ಇರಲಿಲ್ಲ. ನೀನು ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದೆ, ಚಳಿಗೆ ಎಂದು ನಾನು ಅಂದುಕೊಂಡೆ. ನನ್ನ ಕೈ ನಡುಗಿದ ಮೇಲೆ ಅದೆಲ್ಲ ಒಂದೊಂದಾಗಿ ನೆನಪಾಯಿತು.

ನೀನು ಅದನ್ನೂ ರಫೂ ಮಾಡಿಬಿಟ್ಟೆ, ಎಲ್ಲಿ ಹರಿದಿತ್ತೆಂದು ಮಗಳಿಗೂ ತಿಳಿಯದ ಹಾಗೆ. ಕೈಗಿಂತ ಅದೇ ನನಗೆ ಹೆಚ್ಚು ನೋಯುತ್ತಿದೆ. ಇಷ್ಟು ವರ್ಷ ಒಬ್ಬಳೇ ಹೇಗೆ ಇದ್ದೆ?

ಆದರೂ ಒಂದು ಮಾತು ಕೇಳು. ಆ ದಿನ ಕೈ ಗಟ್ಟಿಯಾಗಿದ್ದಿದ್ದರೆ ಗಾಜು ನೆಟ್ಟಗೆ ಕೂರುತ್ತಿತ್ತು, ಆ ಪತಂಗ ಇನ್ನೊಂದು ನೂರು ವರ್ಷ ಬೇರೊಂದರ ಹೆಸರಿನಲ್ಲೇ ಇರುತ್ತಿತ್ತು. ನಿನ್ನಿಂದ ನನಗೆ ಬಂದದ್ದೆಲ್ಲ ಸೇರಿಯೇ ಅದನ್ನು ಕಂಡಿತು. ಜಂಬದ ಕಾಗದ ಎಂದೆನಲ್ಲ, ಆ ಮಾತು ಈ ಹಾಳೆಗೂ ಸಲ್ಲುತ್ತದೆ.

ಇದಕ್ಕೆ ಉತ್ತರ ನೀನೇ ಬರೆ. ಸೊಟ್ಟಗಾದರೂ ಒಂದೇ ಸಾಲಾದರೂ ಸಾಕು. ನಿನ್ನ ಅಕ್ಷರ ನೋಡಿ ಬಹಳ ದಿನವಾಯಿತು.

ಡಾಕ್ಟರನ್ನು ನೋಡುವುದು ಶುಕ್ರವಾರ. ಅವರ ಮಾತು ಕೇಳಿದ ಮೇಲೆ ಬರೆಯಲು ಕೂತರೆ ನಾನು ಮತ್ತೆ ಅರ್ಧವೇ ಬರೆಯುತ್ತೇನೆ. ಆದ್ದರಿಂದ ಹಿಂದಿನ ದಿನವೇ ಇದನ್ನು ಅಂಚೆಗೆ ಹಾಕುತ್ತೇನೆ: ಮಾರ್ಚ್ ಹನ್ನೆರಡು, ಗುರುವಾರ.